ಸೈಂಧವ ಲವಣ

ಸಿಂಧೂ ಪ್ರದೇಶದ ಗಿರಿಗರ್ಭದಲ್ಲಿ ದೊರೆಯುವುದರಿಂದ ಈ ಹೆಸರನ್ನು ಪಡೆದ ಖನಿಜ ಉಪ್ಪು. ಅತಿ ಪ್ರಾಚೀನ ಕಾಲದಲ್ಲಿ ಬತ್ತಿಹೋದ ಸಮುದ್ರವೊಂದರ ಶೇಷವಾಗಿ ಶಿಲಾಸ್ತರಗಳ ನಡುವೆ ಹುದುಗಿದ ಇದರ ಪ್ರಧಾನ ಆಕರ, ಈಗಿನ ಪಾಕಿಸ್ತಾನದ ಪಂಜಾಬಿನಲ್ಲಿರುವ ಖೇವ್ರಾ ಗಣಿ. ಅಲ್ಲಿ ಛಾವಣಿ ಕುಸಿಯದಂತೆ ಉಪ್ಪಿನದೇ ಸ್ತಂಭಗಳನ್ನು ಉಳಿಸಿ ಅಗೆಯುವರು. ಇದರ ಹರಳನ್ನು ಬೆಳಕಿಗೆ ಹಿಡಿದು ನೋಡಿದರೆ ಒಂದೆಡೆ ಸ್ಫಟಿಕದ ನಿರ್ಮಲತೆಯೂ ಮತ್ತೊಂದೆಡೆ ಕಬ್ಬಿಣದ ಅಂಶದಿಂದುಂಟಾದ ನಸುಗೆಂಪೂ ತೋರುವುವು. ಕನ್ನಡನಾಡಿನ ಅಡುಗೆಮನೆಯ ಕಲ್ಲುಪ್ಪು ಸಾಮಾನ್ಯವಾಗಿ ಸಮುದ್ರಜನ್ಯವಾದುದರಿಂದ ಇದಕ್ಕಿಂತ ಭಿನ್ನವಾದುದು.

ಸೈಂಧವ, ಸಾಮುದ್ರ, ಬಿಡ, ಸೌವರ್ಚಲ ಮೊದಲಾದ ಲವಣಗಳನ್ನು ವಿವರಿಸುವ ಆಯುರ್ವೇದದಲ್ಲಿ ಸೈಂಧವಕ್ಕೆ ಅಗ್ರಸ್ಥಾನವುಂಟು. ಚರಕಸಂಹಿತೆಯು ಇದನ್ನು ನಿತ್ಯಸೇವನೆಗೆ ಯೋಗ್ಯವಾದ ದ್ರವ್ಯಗಳಲ್ಲಿ ಎಣಿಸಿದೆ. ಅಗ್ನಿಮಾಂದ್ಯಕ್ಕೆ ಹೇಳಿದ ಹಿಂಗ್ವಷ್ಟಕ ಚೂರ್ಣದಲ್ಲಿ ಇಂಗು, ಶುಂಠಿ, ಮೆಣಸು, ಹಿಪ್ಪಲಿ, ಓಮ, ಎರಡು ಬಗೆಯ ಜೀರಿಗೆ ಇವುಗಳೊಡನೆ ಸೈಂಧವವೂ ಸೇರಿ ಎಂಟಾಗುವುದು. ಅದನ್ನು ತುಪ್ಪದಲ್ಲಿ ಕಲಸಿ ಊಟದ ಮೊದಲ ತುತ್ತಿನೊಡನೆ ಸೇವಿಸುವುದು ಸಂಪ್ರದಾಯ.

ರಾಸಾಯನಿಕವಾಗಿ ಇದು ಬಹುಮಟ್ಟಿಗೆ ಸೋಡಿಯಂ ಕ್ಲೋರೈಡೇ ಆಗಿದ್ದು, ಇತರ ಖನಿಜಗಳು ಪೋಷಣೆಗೆ ಸಾಲದಷ್ಟು ಅಲ್ಪವಾಗಿರುವುವು. ಗಳಗಂಡವನ್ನು ತಡೆಯುವ ಅಯೋಡಿನ್ ಇದರಲ್ಲಿ ಸಹಜವಾಗಿ ಸಾಕಷ್ಟಿಲ್ಲ. ರಕ್ತದೊತ್ತಡವುಳ್ಳವರಿಗೂ ಮೂತ್ರಪಿಂಡದ ರೋಗಿಗಳಿಗೂ ಇದು ಸಾಮಾನ್ಯ ಉಪ್ಪಿನಂತೆಯೇ ಮಿತಿಯಲ್ಲಿರಬೇಕಾದ ವಸ್ತು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಿಧಿಸಿರುವ, ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪೆಂಬ ಮಿತಿ ಸೈಂಧವಕ್ಕೂ ಅನ್ವಯಿಸುತ್ತದೆ.