ಕಿನಾಯಾ ತಲಾಖ್‌ನಲ್ಲಿ ನಿಯ್ಯತ್ತಿನ ಸ್ಥಾನ: ಹೊಸೂರು ಗಡಿಯ ಹಿನ್ನೆಲೆಯಲ್ಲಿ

ತಮಿಳುನಾಡಿನ ಹೊಸೂರು ಸೀಮೆಯ ಅವಲಪಲ್ಲಿಯಂಥ ಕಡೆ ಮುಸ್ಲಿಮರ ಮನೆಮಾತು ಬಹುಮಟ್ಟಿಗೆ ದಖನಿ ಉರ್ದು. ಬೀದಿಗಿಳಿದರೆ ಕನ್ನಡ, ತೆಲುಗು, ತಮಿಳು. ಸಿಟ್ಟಿನಲ್ಲಿ ಗಂಡ ‘ತವರಿಗೆ ಹೋಗು’, ‘ನಿನಗೂ ನನಗೂ ಸಂಬಂಧವಿಲ್ಲ’ ಎಂದರೆ ನಿಕಾಹ್ ಮುರಿಯಿತೇ? ಇಸ್ಲಾಮಿನ ಧರ್ಮಶಾಸ್ತ್ರವಾದ ಫಿಕ್ಹ್ ಇಂಥ ಮರೆಮಾತನ್ನು ಕಿನಾಯಾ ಎನ್ನುತ್ತದೆ. ‘ತಲಾಖ್’ ಎಂಬ ನೇರ ಮಾತು ಸರೀಹ್. ಅದಕ್ಕೆ ನಿಯ್ಯತ್ತಿನ, ಅಂದರೆ ಉದ್ದೇಶದ, ವಿಚಾರಣೆ ಇಲ್ಲ. ಕಿನಾಯಾಕ್ಕೆ ನಿಯ್ಯತ್ತೇ ಆಧಾರ.

ಹದೀಸ್‌ನಲ್ಲಿ ಇದಕ್ಕೆ ಅಪರೂಪದ ಜೋಡಿ ನಿದರ್ಶನವಿದೆ. ಪ್ರವಾದಿಯವರ ತಬೂಕ್ ದಂಡಯಾತ್ರೆಗೆ ಹೋಗದೆ ಉಳಿದ ಕಅಬ್ ಬಿನ್ ಮಾಲಿಕ್‌ರಿಗೆ ಐವತ್ತು ದಿನಗಳ ಬಹಿಷ್ಕಾರವಾಯಿತು. ನಲವತ್ತು ದಿನ ಕಳೆದ ಮೇಲೆ ಹೆಂಡತಿಯಿಂದ ದೂರವಿರಬೇಕೆಂಬ ಆಜ್ಞೆ ಬಂತು. ‘ತಲಾಖ್ ಕೊಡಬೇಕೇ?’ ಎಂದು ಕೇಳಿದರು. ಬೇಡ, ದೂರವಿದ್ದರೆ ಸಾಕು ಎಂಬ ಉತ್ತರ ಬಂತು. ಅವರು ಹೆಂಡತಿಗೆ ನಿನ್ನ ಮನೆಯವರ ಬಳಿಗೆ ಹೋಗು ಎಂದರು, ಮದುವೆ ಉಳಿಯಿತು. ತಾವು ಮದುವೆಯಾಗಿದ್ದ ಜೌನ್ ಮನೆತನದ ಮಹಿಳೆಗೆ ಪ್ರವಾದಿಯವರು ಅದೇ ಮಾತು ಹೇಳಿದಾಗ ಅದು ತಲಾಖ್ ಆಯಿತು. ನನ್ನ ಓದಿನಲ್ಲಿ ಕಿನಾಯಾ ನಿಯಮ ಮೂಲತಃ ಮದುವೆಯನ್ನು ಕಾಯಲು ಹುಟ್ಟಿದ್ದು.

ಶಾಫಿಈ ಪಂಥ ನಿಯ್ಯತ್ತನ್ನು ಮಾತ್ರ ನೋಡುತ್ತದೆ. ಕಾಸರಗೋಡು, ಮಂಗಳೂರು, ಭಟ್ಕಳದ ಮುಸ್ಲಿಮರಲ್ಲಿ ಹೆಚ್ಚಿನವರು ಈ ಪಂಥದವರು. ದಖನಿ ಮನೆಗಳು ಹನಫಿ ಪಂಥಕ್ಕೆ ಸೇರಿದವು. ಅಲ್ಲಿ ಸಂದರ್ಭಕ್ಕೂ ತೂಕವಿದೆ. ಬಿಡುಗಡೆಯ ಮಾತುಕತೆ ನಡೆಯುತ್ತಿರುವಾಗ ಆಡಿದ ಕೆಲವು ಮಾತುಗಳಿಗೆ ‘ನನಗೆ ಆ ನಿಯ್ಯತ್ತಿರಲಿಲ್ಲ’ ಎಂಬ ಗಂಡನ ಹೇಳಿಕೆ ನಿಲ್ಲುವುದಿಲ್ಲ. ‘ಎದ್ದು ಹೋಗು’ ಎಂಬಂಥ ಮಾತು ಬರಿಯ ನಿರಾಕರಣೆಯೂ ಆಗಬಹುದಾದ್ದರಿಂದ, ಸಿಟ್ಟಿನಲ್ಲಿ ಆಡಿದ್ದರೂ ನಿಯ್ಯತ್ತು ಬೇಕು. ಗಂಡ ಆಣೆ ಮಾಡಿ ಇಲ್ಲವೆಂದರೆ ಮುಗಿಯಿತು. ಆದರೆ ನಿಯ್ಯತ್ತು ಇತ್ತೆಂದಾದರೆ, ಕೆಲವು ಪದಗಳನ್ನು ಬಿಟ್ಟು, ಹನಫಿ ಕಿನಾಯಾದಿಂದ ಬಾಯಿನ್ ತಲಾಖ್ ಆಗುತ್ತದೆ. ಇದ್ದತ್ತಿನ, ಅಂದರೆ ಹೆಂಡತಿ ಕಾಯಬೇಕಾದ ಅವಧಿಯ, ಒಳಗೆ ಸುಮ್ಮನೆ ಹಿಂದೆಗೆದುಕೊಳ್ಳುವಂತಿಲ್ಲ, ಹೊಸ ನಿಕಾಹ್ ಬೇಕು. ಒಂದು ಸಲ ನೇರವಾಗಿ ‘ತಲಾಖ್’ ಎಂದವನಿಗೆ ಉಳಿಯುವ ದಾರಿ ಮರೆಮಾತು ಆಡಿದವನಿಗೆ ಉಳಿಯುವುದಿಲ್ಲ. ಹೆಂಡತಿಗಂತೂ ತನ್ನ ಮದುವೆ ಉಳಿದಿದೆಯೇ ಎಂಬುದು ಗಂಡ ಬಾಯಿಬಿಟ್ಟು ಹೇಳುವವರೆಗೆ ತಿಳಿಯದು. ಇದು ನನಗೆ ಅನ್ಯಾಯವಾಗಿ ಕಾಣುತ್ತದೆ.

ರೂಢಿಯೂ ಮಾತಿನ ದರ್ಜೆ ಬದಲಿಸುತ್ತದೆ. ಡಮಾಸ್ಕಸ್‌ನ ಇಬ್ನ್ ಆಬಿದೀನ್ (ಮರಣ 1836) ಫಾರಸಿಯ ‘ರಹಾ ಕರ್ದಮ್’ (ಬಿಟ್ಟೆ) ಬಳಕೆಯಿಂದ ಸರೀಹ್ ಆದದ್ದನ್ನು ಗುರುತಿಸಿದರು. ಉರ್ದುವಿನ ‘ಛೋಡ್ ದಿಯಾ’ವನ್ನೂ ಹಲವು ಮುಫ್ತಿಗಳು ಹಾಗೆಯೇ ಎಣಿಸುತ್ತಾರೆ. ಕನ್ನಡದಲ್ಲಿ ಹೆಂಡತಿಯನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದವನೂ ‘ಬಿಟ್ಟೆ’ ಎನ್ನುತ್ತಾನೆ. ಅದರ ದರ್ಜೆಯನ್ನು ಕನ್ನಡ ಆಡುವವರ ರೂಢಿಯಿಂದ ತೀರ್ಮಾನಿಸಬೇಕು, ಉರ್ದು ಫತ್ವಾ ಸಂಗ್ರಹದಿಂದಲ್ಲ.

ನ್ಯಾಯಾಲಯಗಳಿಗೆ ಈ ತೊಡಕು ಹಳೆಯದು. 1878ರ ಹಮೀದ್ ಅಲಿ ಪ್ರಕರಣದಲ್ಲಿ, ತವರಿಗೆ ಹೊರಟ ಹೆಂಡತಿಗೆ ಗಂಡ ‘ಹೋದರೆ ನೀನು ನನ್ನ ತಂದೆಯ ಸೋದರನ ಮಗಳು’ ಎಂದಿದ್ದ. ಉದ್ದೇಶವಿಟ್ಟು ಆಡಿದ್ದರಿಂದ ಅದು ತಲಾಖ್, ಅವಧಿಯೊಳಗೆ ಹಿಂದೆಗೆದುಕೊಳ್ಳದಿದ್ದರೆ ಪೂರ್ಣವಾಗುತ್ತದೆ ಎಂದು ಅಲಹಾಬಾದ್ ಹೈಕೋರ್ಟ್ ಹೇಳಿತು. ಸುಪ್ರೀಂ ಕೋರ್ಟಿನ 2002ರ ಶಮೀಮ್ ಆರಾ ತೀರ್ಪು ತಲಾಖ್‌ಗೆ ಸಕಾರಣವನ್ನೂ ಮುಂಚಿನ ಸಂಧಾನ ಯತ್ನವನ್ನೂ ಕಡ್ಡಾಯ ಮಾಡಿತು. ಜಗಳದ ಭರದಲ್ಲಿ ಬಂದ ಕಿನಾಯಾ ಈ ಪರೀಕ್ಷೆಯಲ್ಲಿ ಗೆಲ್ಲುವುದು ಕಷ್ಟ.

ತ್ರಿವಳಿ ತಲಾಖನ್ನು ನಿಷೇಧಿಸಿದ 2019ರ ಕಾಯ್ದೆ, ತಕ್ಷಣದ, ಹಿಂದೆಗೆದುಕೊಳ್ಳಲಾಗದ ವಿಚ್ಛೇದನದ ಪರಿಣಾಮವುಳ್ಳ ಅಂಥ ಬೇರೆ ಯಾವುದೇ ತಲಾಖ್ ಕೂಡ ಅನೂರ್ಜಿತ ಎನ್ನುತ್ತದೆ. ಬಾಯಿನ್ ಕಿನಾಯಾ ಈ ಮಾತಿನೊಳಗೇ ಬರಬೇಕೆಂಬುದು ನನ್ನ ವಾದ. ಕರ್ನಾಟಕದ ವೈದ್ಯೆಯೊಬ್ಬರು ಕಿನಾಯಾ, ಬಾಯಿನ್ ಎರಡನ್ನೂ ಪ್ರಶ್ನಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2022ರಲ್ಲಿ ನೋಟಿಸ್ ನೀಡಿತು.

ಖಾಜಿಗಳ ತಲಾಖ್ ಪ್ರಮಾಣಪತ್ರ ಕೇವಲ ಅಭಿಪ್ರಾಯ ಎಂದು ಮದ್ರಾಸ್ ಹೈಕೋರ್ಟ್ 2017ರಲ್ಲಿ ಹೇಳಿತ್ತು. ಹೆಂಡತಿ ತಲಾಖನ್ನು ಒಪ್ಪದಿದ್ದರೆ ಗಂಡನೇ ನ್ಯಾಯಾಲಯದಿಂದ ಘೋಷಣೆ ಪಡೆಯಬೇಕು ಎಂದು 2024ರಲ್ಲಿ ಅದೇ ಹೈಕೋರ್ಟಿನ ಮದುರೈ ಪೀಠ ತೀರ್ಪಿತ್ತಿತು. ಕಿನಾಯಾದ ಮಟ್ಟಿಗೆ ಇದು ದೊಡ್ಡ ಬದಲಾವಣೆ: ಆಣೆಯಿಂದ ತೀರುತ್ತಿದ್ದ ನಿಯ್ಯತ್ತಿನ ಪ್ರಶ್ನೆ ಈಗ ಸಾಕ್ಷ್ಯಕ್ಕೆ ಬರುತ್ತದೆ, ಹೆಂಡತಿಯ ಮಾತೂ ದಾಖಲಾಗುತ್ತದೆ. ಆದರೆ ಅವಲಪಲ್ಲಿಯ ಮಗಳನ್ನು ಗಡಿಯಾಚೆಯ ಅತ್ತಿಬೆಲೆಗೆ ಕೊಟ್ಟು ವ್ಯಾಜ್ಯ ಕರ್ನಾಟಕದ ನ್ಯಾಯಾಲಯಕ್ಕೆ ಹೋದರೆ, ಮದ್ರಾಸಿನ ತೀರ್ಪನ್ನು ವಕೀಲರು ತೋರಿಸಬಹುದು, ಪಾಲಿಸಲೇಬೇಕೆಂಬ ಕಟ್ಟು ಅಲ್ಲಿಯ ನ್ಯಾಯಾಧೀಶರಿಗಿಲ್ಲ.