ಮುದಿ ಬೆಕ್ಕು ಊಟ ಬಿಟ್ಟಾಗ: ಒಂದು ಆರೈಕೆಯ ಚರಿತ್ರೆ

ಮನುಷ್ಯರ ಮನೆಯಂಗಳದಲ್ಲಿ ಬೆಕ್ಕು ಬದುಕತೊಡಗಿ ಹತ್ತಿರ ಹತ್ತಿರ ಹತ್ತು ಸಾವಿರ ವರ್ಷಗಳಾಗಿದ್ದರೂ, ವಯಸ್ಸಾದ ಬೆಕ್ಕು ಆಹಾರ ಮುಟ್ಟದಿರುವುದು ತಡಮಾಡದೆ ಗಮನಿಸಬೇಕಾದ ಕಾಯಿಲೆಯ ಲಕ್ಷಣವೆಂಬ ತಿಳಿವಳಿಕೆ ಮೂಡಿ ಅರ್ಧ ಶತಮಾನವಷ್ಟೇ ಕಳೆದಿದೆ. ಅದಕ್ಕೂ ಮೊದಲು, ತಟ್ಟೆಯನ್ನು ಮೂಸಿ ಮುಖ ತಿರುಗಿಸುವ ಬೆಕ್ಕಿನ ನಡವಳಿಕೆಗೆ ಲೋಕರೂಢಿಯಲ್ಲಿ ಎರಡೇ ಅರ್ಥಗಳಿದ್ದವು: ಒಂದೋ ಅದು ಆ ಪ್ರಾಣಿಯ ಹುಟ್ಟುಗುಣವಾದ ಹಟ, ಇಲ್ಲವೇ ಆಯುಸ್ಸು ತೀರಿದ ಸೂಚನೆ. ಹಟವೆಂದು ಬಗೆದವರು ಹಸಿವಾದಾಗ ತಾನೇ ತಿನ್ನುತ್ತದೆಂದು ಸುಮ್ಮನಿದ್ದರು. ಸಾವು ಹತ್ತಿರವಾಯಿತೆಂದು ಬಗೆದವರು ಮಾಡುವುದೇನೂ ಉಳಿದಿಲ್ಲವೆಂದು ಕೈಚೆಲ್ಲಿದರು. ಹೀಗೆ ಸುಮ್ಮನೆ ಕಾಯುವುದೇ ಬೆಕ್ಕಿನ ಪ್ರಾಣಕ್ಕೆ ಎರವಾಗುತ್ತಿತ್ತು ಎಂಬುದನ್ನು ಪಶುವೈದ್ಯಶಾಸ್ತ್ರ ಹೇಗೆ ಕಂಡುಕೊಂಡಿತು, ಆ ಅರಿವು ಮೂಡಲು ಅಷ್ಟು ಕಾಲ ಏಕೆ ಹಿಡಿಯಿತು ಎಂಬುದೇ ಈ ಆರೈಕೆಯ ಚರಿತ್ರೆಯ ಮುಖ್ಯ ಪ್ರಶ್ನೆ.

ಬೆಕ್ಕಿನ ಮೇಲಣ ಪ್ರೀತಿಗೆ ಇತಿಹಾಸದಲ್ಲಿ ಕೊರತೆಯಿಲ್ಲ. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂಳಲಾದ ಸುಮಾರು 9,500 ವರ್ಷಗಳಷ್ಟು ಹಳೆಯ ಬೆಕ್ಕಿನ ಅಸ್ಥಿಪಂಜರ ದೊರೆತಿದೆ. ಪ್ರಾಚೀನ ಈಜಿಪ್ಟಿನಲ್ಲಿ ಮನೆಯ ಬೆಕ್ಕು ಸತ್ತರೆ ಮನೆಮಂದಿಯೆಲ್ಲ ಹುಬ್ಬು ಬೋಳಿಸಿಕೊಳ್ಳುತ್ತಿದ್ದರೆಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಆದರೆ ಅದೇ ಈಜಿಪ್ಟಿನಲ್ಲಿ ದೇವತೆಗೆ ಹರಕೆಯಾಗಿ ಒಪ್ಪಿಸಲಾದ ಬೆಕ್ಕಿನ ಮಮ್ಮಿಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಅನೇಕವು ಎಳೆಯ ವಯಸ್ಸಿನಲ್ಲೇ ಕೊಲ್ಲಲ್ಪಟ್ಟಿದ್ದವೆಂದು ತಿಳಿದುಬಂದಿದೆ. ಪೂಜ್ಯಭಾವವಿದ್ದ ಮಾತ್ರಕ್ಕೆ ಆ ಜೀವ ಮುಪ್ಪು ಕಾಣುತ್ತಿತ್ತೆಂದು ಹೇಳುವಂತಿಲ್ಲ. 13ನೆಯ ಶತಮಾನದಲ್ಲಿ ಕೈರೋ ನಗರವನ್ನು ಆಳಿದ ಸುಲ್ತಾನ ಬೈಬರ್ಸ್ ಬೀದಿಯ ಬೆಕ್ಕುಗಳ ಪೋಷಣೆಗೆಂದು ಒಂದು ತೋಟವನ್ನು ದತ್ತಿ ಬಿಟ್ಟಿದ್ದನು. 1830ರ ದಶಕದಲ್ಲಿ ಆ ನಗರದಲ್ಲಿದ್ದ ಎಡ್ವರ್ಡ್ ಲೇನ್ ಎಂಬ ಇಂಗ್ಲಿಷ್ ವಿದ್ವಾಂಸನು, ತೋಟ ಕೈಬದಲಾಗಿ ಹೋಗಿದ್ದರೂ ದತ್ತಿಯ ಹೊಣೆ ಉಳಿದುಕೊಂಡು, ಖಾಜಿಯ ನ್ಯಾಯಾಲಯದ ಅಂಗಳದಲ್ಲಿ ದಿನವೂ ಮಧ್ಯಾಹ್ನದ ನಂತರ ಬೆಕ್ಕುಗಳಿಗೆ ಮಾಂಸದ ಚೂರುಗಳನ್ನು ಹಾಕಲಾಗುತ್ತಿತ್ತೆಂದು ದಾಖಲಿಸಿದ್ದಾನೆ. ಹಸಿದ ಬೆಕ್ಕಿಗೆ ಆಹಾರವಿಡುವುದು ಪುಣ್ಯಕಾರ್ಯವೆಂಬ ಭಾವನೆ ಇಲ್ಲಿ ಸ್ಪಷ್ಟವಾಗಿದೆ. ಆದರೆ ಮುಂದಿಟ್ಟ ಆಹಾರವನ್ನು ತಿನ್ನಲಾರದ ಬೆಕ್ಕಿಗೆ ಏನು ಮಾಡಬೇಕೆಂಬುದಕ್ಕೆ ಆ ಪುಣ್ಯದಲ್ಲಿ ಉತ್ತರವಿರಲಿಲ್ಲ.

ಆ ಉತ್ತರ ಬರಬೇಕಾಗಿದ್ದುದು ಪಶುವೈದ್ಯದಿಂದ. ಫ್ರಾನ್ಸಿನ ಲಿಯೋನ್ ನಗರದಲ್ಲಿ 1760ರ ದಶಕದ ಆರಂಭದಲ್ಲಿ ಯುರೋಪಿನ ಮೊದಲ ಪಶುವೈದ್ಯ ಶಾಲೆ ತೆರೆಯಿತು. ಲಂಡನ್ನಿನ ಶಾಲೆ 1791ರಲ್ಲಿ ಆರಂಭವಾಯಿತು. ಸೇನೆಯ ಕುದುರೆ, ಹೊಲದ ದನ, ಊರೂರನ್ನೇ ಬರಿದುಮಾಡುವ ದನಗಳ ಮಹಾಮಾರಿ, ಇವೇ ಆ ಶಾಲೆಗಳ ಹುಟ್ಟಿಗೆ ಕಾರಣವಾಗಿದ್ದರಿಂದ ಅಲ್ಲಿನ ಪಾಠಗಳೂ ಅವುಗಳ ಸುತ್ತಲೇ ಇದ್ದವು. ಭಾರತದಲ್ಲಿ ಬ್ರಿಟಿಷರ ಕಾಲದಲ್ಲಿ ಲಾಹೋರ್ ಮತ್ತು ಮುಂಬಯಿಯಲ್ಲಿ ಸ್ಥಾಪನೆಯಾದ ಪಶುವೈದ್ಯ ಕಾಲೇಜುಗಳ ಮುಂದಿದ್ದ ಅಗತ್ಯಗಳೂ ಇವೇ. ದುಡಿಮೆಯ ಮೌಲ್ಯವನ್ನು ಹಣದಲ್ಲಿ ಅಳೆಯಬಹುದಾದ ಪ್ರಾಣಿಗೆ ವೈದ್ಯ ಒದಗಿದನು. ಇಲಿ ಹಿಡಿಯುವುದರ ಹೊರತು ಬೇರೆ ಬೆಲೆಯಿಲ್ಲದ, ಸತ್ತರೆ ಕಾಸಿಲ್ಲದೆ ಮತ್ತೊಂದು ಸಿಗುತ್ತಿದ್ದ ಬೆಕ್ಕು ಆ ಲೆಕ್ಕದಿಂದ ಹೊರಗುಳಿಯಿತು.

19ನೆಯ ಶತಮಾನದ ಲಂಡನ್ನಿನಲ್ಲಿ ಈ ವೈರುಧ್ಯ ಎದ್ದು ಕಾಣುತ್ತದೆ. ಮುದಿಯಾಗಿ ಕೆಲಸಕ್ಕೆ ಬಾರದ ಕುದುರೆಗಳ ಮಾಂಸವನ್ನು ಬೇಯಿಸಿ, ಕತ್ತರಿಸಿ, ಕಡ್ಡಿಗೆ ಪೋಣಿಸಿ ಮನೆಮನೆಗೆ ಮಾರುವ ‘ಬೆಕ್ಕಿನ ಮಾಂಸದವರು’ ಆ ನಗರದ ಬೀದಿಗಳಲ್ಲಿ ಪ್ರತ್ಯೇಕ ಕಸುಬಿನವರಾಗಿದ್ದರು. ಬಡವರ ಬದುಕನ್ನು ಕುರಿತ ತನ್ನ ಪ್ರಸಿದ್ಧ ಸಮೀಕ್ಷೆಯಲ್ಲಿ ಹೆನ್ರಿ ಮೇಹ್ಯೂ ಈ ಕಸುಬನ್ನು ವಿವರವಾಗಿ ಚಿತ್ರಿಸಿ, ಮನೆಗೊಂದರಂತೆ ಲಂಡನ್ನಿನಲ್ಲಿ ಮೂರು ಲಕ್ಷ ಬೆಕ್ಕುಗಳಿರಬಹುದೆಂದು ಅಂದಾಜು ಮಾಡಿದ್ದಾನೆ. ಹೀಗೆ ಬೆಕ್ಕಿನ ಆಹಾರಕ್ಕೆ ಮಾರುಕಟ್ಟೆಯಿದ್ದಿತು, ಅದರ ಕಾಯಿಲೆಗೆ ವೈದ್ಯನಿರಲಿಲ್ಲ. 1871ರಲ್ಲಿ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಹ್ಯಾರಿಸನ್ ವಿಯರ್ ಏರ್ಪಡಿಸಿದ ಬೆಕ್ಕುಗಳ ಪ್ರದರ್ಶನ, 1889ರಲ್ಲಿ ಅವನು ಬರೆದ ಬೆಕ್ಕುಗಳ ಪುಸ್ತಕ, 1883ರಿಂದ ಬೆಕ್ಕುಗಳಿಗೂ ಬಾಗಿಲು ತೆರೆದ ಬ್ಯಾಟರ್ಸಿಯ ನಾಯಿಗಳ ಆಶ್ರಯಧಾಮ, ಇವೆಲ್ಲ ಸೇರಿ ಬೆಕ್ಕಿಗೆ ಸಮಾಜದಲ್ಲಿ ಗೌರವದ ಸ್ಥಾನವನ್ನು ಒದಗಿಸಿದವು. ಆದರೂ ಊಟ ಬಿಟ್ಟ ಬೆಕ್ಕಿಗೆ ಆ ಕಾಲದ ಸಾಕಣೆಗಾರರು ಮಾಡುತ್ತಿದ್ದುದು ಮಾಂಸದ ಸಾರನ್ನೋ ಹನಿ ಬ್ರಾಂದಿಯನ್ನೋ ಚಮಚದಿಂದ ಬಾಯಿಗೆ ಹಾಕುವ ಉಪಚಾರ ಮಾತ್ರ. ಹ್ಯಾಮಿಲ್ಟನ್ ಕರ್ಕ್ ಎಂಬ ಲಂಡನ್ನಿನ ಪಶುವೈದ್ಯನು ಬೆಕ್ಕಿನ ರೋಗಗಳನ್ನೇ ಕುರಿತು ಒಂದು ವೈದ್ಯಗ್ರಂಥವನ್ನು ಪ್ರಕಟಿಸಿದ್ದು 1925ರಲ್ಲಿ.

ವೃದ್ಧ ಬೆಕ್ಕಿನ ಆರೈಕೆ ತಡವಾಗಿ ಬೆಳೆದುದಕ್ಕೆ ಇನ್ನೊಂದು ಸರಳ ಕಾರಣವೂ ಇದೆ: ಮುಪ್ಪಿನವರೆಗೆ ಬದುಕುವ ಬೆಕ್ಕುಗಳೇ ವಿರಳವಾಗಿದ್ದವು. ಬಿಳಿ ರಕ್ತಕಣಗಳನ್ನು ನಾಶಮಾಡಿ ಮರಿಗಳನ್ನು ಗುಂಪುಗುಂಪಾಗಿ ಕೊಲ್ಲುತ್ತಿದ್ದ ಪ್ಯಾನ್‌ಲ್ಯೂಕೋಪೀನಿಯ ಎಂಬ ವೈರಾಣು ರೋಗ, ಬೀದಿಯ ಅಪಘಾತ, ಗಂಡುಬೆಕ್ಕುಗಳ ಕಾದಾಟದ ಗಾಯ, ಮತ್ತೆ ಮತ್ತೆ ಮರಿ ಹಾಕುವ ಸವೆತ, ಇವುಗಳನ್ನು ದಾಟಿ ಬರುವ ಬೆಕ್ಕುಗಳು ಕೆಲವೇ. 1947ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಎಡ್ವರ್ಡ್ ಲೋ ಎಂಬಾತ ಬೆಕ್ಕಿನ ಮಲಮೂತ್ರಕ್ಕೆಂದು ಹೀರುಗುಣದ ಜೇಡಿಮಣ್ಣಿನ ಹರಳುಗಳನ್ನು ಮಾರತೊಡಗಿದ ಮೇಲೆ ಬೆಕ್ಕನ್ನು ಹಗಲಿರುಳೂ ಮನೆಯೊಳಗೇ ಇರಿಸಿಕೊಳ್ಳುವುದು ಸುಲಭವಾಯಿತು. ಲಸಿಕೆಗಳೂ ಸಂತಾನಹರಣ ಶಸ್ತ್ರಕ್ರಿಯೆಯೂ ವ್ಯಾಪಕವಾದಂತೆ 15 ವರ್ಷ ದಾಟಿದ ಬೆಕ್ಕು ಅಪರೂಪವೆನಿಸದಾಯಿತು. ಆಗ ಮುಪ್ಪಿನ ರೋಗಗಳೂ ಕಣ್ಣಿಗೆ ಬಿದ್ದವು: ನಿಧಾನವಾಗಿ ಸೋಲುವ ಮೂತ್ರಪಿಂಡಗಳು, ಒಳಗಿಂದೊಳಗೆ ಕರಗುವ ಹಲ್ಲುಗಳು, ಕೀಲುನೋವು, ಗಂತಿ. ಕುತ್ತಿಗೆಯ ಥೈರಾಯಿಡ್ ಗ್ರಂಥಿ ಅತಿಯಾಗಿ ಕೆಲಸಮಾಡಿ ಬೆಕ್ಕನ್ನು ಸೊರಗಿಸುವ ಕಾಯಿಲೆಯಂತೂ ವೈದ್ಯರ ಗಮನಕ್ಕೆ ಬಂದದ್ದೇ 1979ರ ಸುಮಾರಿಗೆ.

ಈ ನಡುವೆ ಬೆಕ್ಕಿನ ವೈದ್ಯವೇ ಬೇರೆ ಶಾಖೆಯಾಗಿ ರೂಪುಗೊಂಡಿತು. ಬ್ರಿಟನ್ನಿನಲ್ಲಿ 1958ರಲ್ಲಿ ಬೆಕ್ಕುಗಳ ಆರೋಗ್ಯಕ್ಕೆಂದೇ ಒಂದು ಸಲಹಾ ಸಂಸ್ಥೆ ಹುಟ್ಟಿತು. ಅಮೆರಿಕದ ಬೆಕ್ಕುವೈದ್ಯರ ಸಂಘ 1971ರಲ್ಲಿಯೂ ಕಾರ್ನೆಲ್ ವಿಶ್ವವಿದ್ಯಾಲಯದ ಬೆಕ್ಕುಗಳ ಸಂಶೋಧನಾ ಕೇಂದ್ರ 1974ರಲ್ಲಿಯೂ ಬಂದವು. ಬಾಸ್ಟನ್ನಿನ ಏಂಜೆಲ್ ಸ್ಮಾರಕ ಪಶು ಆಸ್ಪತ್ರೆಯ ಜೀನ್ ಹೋಲ್ಜ್‌ವರ್ತ್ ಈ ಶಾಖೆಯ ಮೊದಲಿಗರಲ್ಲಿ ಮುಖ್ಯರು. ಲ್ಯಾಟಿನ್ ಸಾಹಿತ್ಯದಲ್ಲಿ ಡಾಕ್ಟರೇಟ್ ಪಡೆದು, ಆ ಬಳಿಕ ಪಶುವೈದ್ಯ ಕಲಿತು, ಬೆಕ್ಕುಗಳ ಚಿಕಿತ್ಸೆಗೇ ಬಾಳನ್ನು ಮೀಸಲಿಟ್ಟ ಈ ವಿದುಷಿ 1987ರಲ್ಲಿ ಸಂಪಾದಿಸಿ ಹೊರತಂದ ಬೆಕ್ಕಿನ ರೋಗಗಳ ಬೃಹದ್ಗ್ರಂಥ ಆ ತಲೆಮಾರಿನ ವೈದ್ಯರಿಗೆ ಆಧಾರವಾಯಿತು.

ಹೊಸ ಶಾಖೆ ಕಂಡುಕೊಂಡ ಮೊದಲ ದೊಡ್ಡ ಸತ್ಯವೆಂದರೆ, ನಾಯಿಗೆ ಒಪ್ಪುವ ಆಹಾರವನ್ನೂ ಔಷಧವನ್ನೂ ಪ್ರಮಾಣ ತಗ್ಗಿಸಿ ಬೆಕ್ಕಿಗೆ ಕೊಟ್ಟರೆ ಸಾಲದು ಎಂಬುದು. ಟಾರಿನ್ ಎಂಬುದು ಮಾಂಸದಲ್ಲಿ ಹೇರಳವಾಗಿಯೂ ಸಸ್ಯಾಹಾರದಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಾಗಿಯೂ ಇರುವ ಪೋಷಕಾಂಶ. ಬೆಕ್ಕಿನ ದೇಹ ಇದನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು. ಇದರ ಕೊರತೆಯಿಂದ ಬೆಕ್ಕಿನ ಅಕ್ಷಿಪಟಲ ಕ್ಷಯಿಸುವುದೆಂದು 1975ರಲ್ಲಿ ತಿಳಿಯಿತು. ಹೃದಯದ ಸ್ನಾಯು ಸೋಲುವುದೆಂದೂ ಟಾರಿನ್ ಕೊಟ್ಟರೆ ಚೇತರಿಸಿಕೊಳ್ಳುವುದೆಂದೂ ಕ್ಯಾಲಿಫೋರ್ನಿಯದ ಡೇವಿಸ್‌ನ ಸಂಶೋಧಕರು 1987ರಲ್ಲಿ ತೋರಿಸಿದರು. ಅದೇ ಡೇವಿಸ್‌ನ ಮಾರಿಸ್ ಮತ್ತು ರಾಜರ್ಸ್ 1978ರಲ್ಲಿ, ಪ್ರೋಟೀನಿನ ಘಟಕವಾದ ಆರ್ಜಿನಿನ್ ಇಲ್ಲದ ಒಂದೇ ಊಟದಿಂದ ಬೆಕ್ಕಿನ ರಕ್ತದಲ್ಲಿ ಅಮೋನಿಯ ಏರಿ ಪ್ರಾಣಕ್ಕೆ ಅಪಾಯವಾಗುವುದನ್ನು ಕಂಡಿದ್ದರು. ಮನುಷ್ಯನಾಗಲಿ ನಾಯಿಯಾಗಲಿ ಉಪವಾಸವಿದ್ದಾಗ ದೇಹವು ಪ್ರೋಟೀನಿನ ಖರ್ಚನ್ನು ತಗ್ಗಿಸಿಕೊಳ್ಳುತ್ತದೆ. ಬೇಟೆಯ ಮಾಂಸಕ್ಕೇ ಒಗ್ಗಿದ ಬೆಕ್ಕಿನ ಯಕೃತ್ತು ಆ ಖರ್ಚನ್ನು ಅಷ್ಟಾಗಿ ತಗ್ಗಿಸಲಾರದ್ದರಿಂದ ಅದರ ದೇಹ ತನ್ನದೇ ಸ್ನಾಯುಗಳನ್ನು ಕರಗಿಸುತ್ತಾ ಹೋಗುತ್ತದೆ.

ಈ ಶೋಧಗಳ ಬೆಳಕಿನಲ್ಲಿ ಕರ್ನಾಟಕದ ಮನೆಗಳ ಒಂದು ಹಳೆಯ ವಾಡಿಕೆಯನ್ನೂ ಗಮನಿಸಬಹುದು. ಕಣಜ, ಅಟ್ಟ, ಕೊಟ್ಟಿಗೆಗಳಿದ್ದ ಮನೆಗಳಲ್ಲಿ ಬೆಕ್ಕಿಗೆ ಹಾಲನ್ನವಿಡುವುದು ರೂಢಿಯಾಗಿತ್ತು, ಬೆಕ್ಕು ಅದರಿಂದ ಬದುಕಿದಂತೆಯೂ ಕಾಣುತ್ತಿತ್ತು; ನಿಜದಲ್ಲಿ ಅದಕ್ಕೆ ಬೇಕಾದ ಟಾರಿನ್ ಸಿಗುತ್ತಿದ್ದುದು ಇಲಿ, ಹಲ್ಲಿ, ಹಕ್ಕಿಗಳ ಬೇಟೆಯಿಂದ. ಬೇಟೆಯಾಡಲಾರದಷ್ಟು ಮುದಿಯಾದ ಬೆಕ್ಕಿಗೂ ನಗರದ ಫ್ಲಾಟಿನೊಳಗೇ ಬೆಳೆದ ಬೆಕ್ಕಿಗೂ ಆ ದಾರಿ ಮುಚ್ಚಿರುವುದರಿಂದ, ಹಾಲನ್ನವೊಂದೇ ಉಳಿದರೆ ಪ್ರೀತಿಯಿಂದ ಉಣಿಸಿದರೂ ಬೆಕ್ಕು ಸೊರಗುತ್ತದೆ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲೇ ಅರಗುವುದಿಲ್ಲ.

ಊಟ ಬಿಡುವುದರ ಅರ್ಥವನ್ನೇ ಬದಲಿಸಿದ್ದು 1977ರ ಒಂದು ವೈದ್ಯಕೀಯ ವರದಿ. ಚೆನ್ನಾಗಿ ಉಂಡು ಬೆಳೆದಿದ್ದ ಮೂರು ಬೆಕ್ಕುಗಳು ದೀರ್ಘಕಾಲ ಆಹಾರ ಬಿಟ್ಟಾಗ ಅವುಗಳ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡಿದ್ದನ್ನು ಅದು ವಿವರಿಸಿತು. ಹೆಪಾಟಿಕ್ ಲಿಪಿಡೋಸಿಸ್ ಎಂದು ಹೆಸರಾದ ಈ ಕಾಯಿಲೆಯಲ್ಲಿ, ಆಹಾರವಿಲ್ಲದ ದೇಹವು ಮೈಯ ಕೊಬ್ಬನ್ನು ಒಡೆದು ಯಕೃತ್ತಿಗೆ ಕಳುಹಿಸುತ್ತದೆ. ಆ ಪ್ರಮಾಣದ ಕೊಬ್ಬನ್ನು ಬಳಸುವ ಅಥವಾ ಹೊರಸಾಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲದ್ದರಿಂದ ಅದು ಜೀವಕೋಶಗಳಲ್ಲೇ ಶೇಖರವಾಗಿ ಯಕೃತ್ತು ಕುಂಟುತ್ತದೆ, ಕಣ್ಣು ಮತ್ತು ವಸಡು ಹಳದಿಗಟ್ಟುತ್ತವೆ, ವಾಕರಿಕೆ ಹೆಚ್ಚುತ್ತದೆ, ವಾಕರಿಕೆಯಿಂದ ಊಟ ಇನ್ನಷ್ಟು ದೂರವಾಗುತ್ತದೆ. ದಪ್ಪನೆಯ ಬೆಕ್ಕುಗಳಿಗೆ ಈ ಅಪಾಯ ಹೆಚ್ಚು; ಕೆಲವೇ ದಿನಗಳ ಉಪವಾಸ ಸಾಕಾಗುತ್ತದೆ. ಹಲ್ಲುನೋವಿನಂಥ ಸಣ್ಣ ಕಾರಣಕ್ಕೆ ಊಟ ಬಿಟ್ಟ ಬೆಕ್ಕೂ ಊಟ ಬಿಟ್ಟದ್ದರಿಂದಲೇ ಸಾಯಬಹುದೆಂಬುದು ಇದರಿಂದ ಸಿದ್ಧವಾಯಿತು. ಹಸಿವಾದಾಗ ತಾನೇ ತಿನ್ನುತ್ತದೆಂಬ ಹಳೆಯ ನಂಬಿಕೆಗೆ ಅಲ್ಲಿಗೆ ಬುಡವಿಲ್ಲದಂತಾಯಿತು.

ರೋಗವೇ ಉಪವಾಸದಿಂದ ಹುಟ್ಟುವುದಾದರೆ ಚಿಕಿತ್ಸೆ ಆಹಾರವೇ ಆಗಬೇಕು. 1970ರ ದಶಕದಿಂದ ಪಶುವೈದ್ಯರು ಗಂಟಲ ಮೂಲಕ, ಆಮೇಲೆ ನೇರವಾಗಿ ಹೊಟ್ಟೆಯ ಗೋಡೆಯ ಮೂಲಕ, 1990ರ ದಶಕದಲ್ಲಿ ಹೆಚ್ಚಾಗಿ ಕುತ್ತಿಗೆಯ ಪಕ್ಕದಿಂದ ಅನ್ನನಾಳಕ್ಕೆ ಕೊಳವೆಯಿಟ್ಟು ಉಣಿಸುವ ಕ್ರಮಗಳನ್ನು ರೂಢಿಸಿದರು. ಅರಿವಳಿಕೆ ಕೊಟ್ಟು ಕುತ್ತಿಗೆಯ ಎಡಬದಿಯಲ್ಲಿ ಸಣ್ಣ ಗಾಯ ಮಾಡಿ ತೂರಿಸುವ ಮೆತ್ತನೆಯ ಕೊಳವೆಯ ತುದಿ ಹೊಟ್ಟೆಯನ್ನು ಮುಟ್ಟದೆ ಎದೆಯ ಭಾಗದಲ್ಲೇ ನಿಲ್ಲುತ್ತದೆ. ಹೊರಭಾಗವನ್ನು ಬಟ್ಟೆಯ ಪಟ್ಟಿಯಿಂದ ಸುತ್ತಿಡುತ್ತಾರೆ. ನುಣ್ಣಗೆ ಅರೆದು ಉಗುರುಬೆಚ್ಚಗೆ ಮಾಡಿದ ಆಹಾರವನ್ನು ಸಿರಿಂಜಿನಲ್ಲಿ ತುಂಬಿ, ಮೊದಲು ನೀರು ಹರಿಸಿ ಕೊಳವೆ ತೆರವಾಗಿದೆಯೆಂದು ಖಚಿತಪಡಿಸಿಕೊಂಡು, ಹತ್ತು ಹದಿನೈದು ನಿಮಿಷಗಳಷ್ಟು ನಿಧಾನವಾಗಿ ತಳ್ಳಿ, ಬೆಕ್ಕು ತುಟಿ ನೆಕ್ಕತೊಡಗಿದರೆ ಅಥವಾ ಜೊಲ್ಲು ಸುರಿಸಿದರೆ ನಿಲ್ಲಿಸಿ, ಕೊನೆಗೆ ಮತ್ತೆ ನೀರಿನಿಂದ ಕೊಳವೆಯನ್ನು ತೊಳೆಯಬೇಕು. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಪೂರ್ಣ ಆಹಾರ ಕೊಟ್ಟರೆ ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂಗಳು ಕುಸಿದು ಅನಾಹುತವಾಗುವುದರಿಂದ ಮೊದಲ ದಿನ ಅಗತ್ಯದ ಮೂರರಲ್ಲೊಂದು ಭಾಗದಷ್ಟರಿಂದ ಆರಂಭಿಸುವುದು ವಾಡಿಕೆ. ವಾರಗಟ್ಟಲೆ ನಡೆಯುವ ಈ ಕೆಲಸ ಬಹುಪಾಲು ಮನೆಯವರ ಕೈಯಲ್ಲೇ ಸಾಗುತ್ತದೆ. ಹಿಂದೆ ಹೆಚ್ಚಾಗಿ ಸಾವಿನಲ್ಲೇ ಮುಗಿಯುತ್ತಿದ್ದ ಈ ಕಾಯಿಲೆಯಿಂದ ಬಹಳಷ್ಟು ಬೆಕ್ಕುಗಳು ಈಗ ಬದುಕುಳಿಯುತ್ತಿರುವುದು ಅದರಿಂದಲೇ.

ಹಸಿವು ಹುಟ್ಟಿಸುವ ಔಷಧಗಳ ಕಥೆಯಲ್ಲಿ ಎಚ್ಚರಿಕೆಯ ಪಾಠವೂ ಇದೆ. ಮನುಷ್ಯರ ಆತಂಕಕ್ಕೆ ಕೊಡುವ ಡಯಾಜೆಪಾಮ್ ಬೆಕ್ಕಿಗೆ ಹಸಿವು ತರಿಸುತ್ತದೆಂದು ಒಂದು ಕಾಲದಲ್ಲಿ ಧಾರಾಳವಾಗಿ ಬಳಕೆಯಲ್ಲಿತ್ತು. ಅದನ್ನು ಬಾಯಿಯ ಮೂಲಕ ಕೊಟ್ಟ ಕೆಲವು ಬೆಕ್ಕುಗಳು ಯಕೃತ್ತು ಸೋತು ಸತ್ತ ವರದಿಗಳು 1990ರ ದಶಕದ ನಡುವಿನಲ್ಲಿ ಬಂದ ಮೇಲೆ ಆ ಬಳಕೆ ಹಿಂದೆ ಸರಿಯಿತು. ಖಿನ್ನತೆಗೆಂದು ರೂಪುಗೊಂಡಿದ್ದ ಮಿರ್ಟಜಪೀನ್ ಔಷಧದ, ಬೆಕ್ಕಿನ ಕಿವಿಯ ಒಳಮೈಗೆ ಹಚ್ಚುವ ಮುಲಾಮಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಅನುಮತಿ ನೀಡಿತು. ಮೂತ್ರಪಿಂಡದ ಕಾಯಿಲೆಯಿಂದ ತೂಕ ಕಳೆದುಕೊಂಡ ಬೆಕ್ಕುಗಳಿಗೆಂದು ಕ್ಯಾಪ್ರೊಮೊರೆಲಿನ್ ದ್ರಾವಣಕ್ಕೆ 2020ರಲ್ಲಿ ಅನುಮತಿ ದೊರೆಯಿತು. ಈ ಔಷಧಗಳು ಹಸಿವನ್ನು ಎಬ್ಬಿಸುತ್ತವೆಯೇ ಹೊರತು ಊಟ ಬಿಡಿಸಿದ ಮೂಲ ಕಾರಣವನ್ನು ಗುಣಪಡಿಸುವುದಿಲ್ಲ. ಹಲ್ಲು, ಮೂತ್ರಪಿಂಡ, ಥೈರಾಯಿಡ್, ಕರುಳು ಇವುಗಳ ಪರೀಕ್ಷೆಗೆ ಅವು ಬದಲಿಯಲ್ಲ.

ಔಷಧದಷ್ಟೇ ಮುಖ್ಯವಾದ ಇನ್ನೊಂದು ಅರಿವು ಬೆಕ್ಕಿನ ಇಂದ್ರಿಯಗಳಿಗೆ ಸಂಬಂಧಿಸಿದ್ದು. ಸಿಹಿಯನ್ನು ಗುರುತಿಸಲು ಬೇಕಾದ ವಂಶವಾಹಿಯೊಂದು ಬೆಕ್ಕಿನಲ್ಲಿ ನಿಷ್ಕ್ರಿಯವಾಗಿದೆಯೆಂದು ಫಿಲಡೆಲ್ಫಿಯದ ಮೊನೆಲ್ ಕೇಂದ್ರದ ವಿಜ್ಞಾನಿಗಳು 2005ರಲ್ಲಿ ತೋರಿಸಿದರು. ಬೆಕ್ಕು ಆಹಾರವನ್ನು ಒಪ್ಪುವುದು ಬಹುಮಟ್ಟಿಗೆ ವಾಸನೆಯಿಂದ. ಮೂಗು ಕಟ್ಟಿದರೆ ಅಥವಾ ಮುಪ್ಪಿನಿಂದ ವಾಸನೆ ಮಂದವಾದರೆ ಮುಂದಿರುವುದು ಆಹಾರವೆಂದೇ ಅದಕ್ಕೆ ಅನ್ನಿಸುವುದಿಲ್ಲ. ಆಹಾರವನ್ನು ಮೈಶಾಖದಷ್ಟು ಬಿಸಿಮಾಡಿ, ಮೀಸೆ ತಾಗದ ಅಗಲ ತಟ್ಟೆಯಲ್ಲಿ ಸ್ವಲ್ಪಸ್ವಲ್ಪವೇ ಬಡಿಸುವ ಸಲಹೆಯ ಹಿಂದಿರುವುದು ಈ ಅರಿವು. ವಾಕರಿಕೆಯಿರುವಾಗ ಬಲವಂತವಾಗಿ ತಿನ್ನಿಸಿದ ಆಹಾರವನ್ನು ಬೆಕ್ಕು ಆ ಸಂಕಟದೊಡನೆ ಜೋಡಿಸಿಕೊಂಡು, ಚೇತರಿಸಿದ ಮೇಲೂ ದೂರವಿಡುತ್ತದೆ. ಆದ್ದರಿಂದ ಚಮಚ ತುರುಕುವ ಹಳೆಯ ಉಪಚಾರ ಪ್ರೀತಿಯಿಂದಲೇ ಹುಟ್ಟಿದ್ದರೂ ಕೆಡುಕನ್ನೇ ಮಾಡುತ್ತಿತ್ತು.

ಚಿಕಿತ್ಸೆ ಸಾಧ್ಯವಾದ ಮೇಲೆ ಅದರ ಮಿತಿಯ ಪ್ರಶ್ನೆಯೂ ಎದುರಾಯಿತು. ನೋವು, ಹಸಿವು, ನೀರು, ಶುಚಿ, ಸಂತೋಷ, ಓಡಾಟಗಳಿಗೆ ಅಂಕ ಕೊಟ್ಟು, ಒಳ್ಳೆಯ ದಿನಗಳು ಕೆಟ್ಟ ದಿನಗಳಿಗಿಂತ ಹೆಚ್ಚಿವೆಯೇ ಎಂದು ಅಳೆಯುವ ಒಂದು ಪಟ್ಟಿಯನ್ನು ಅಮೆರಿಕದ ಪಶುವೈದ್ಯೆ ಆಲಿಸ್ ವಿಲಲೋಬೋಸ್ 2004ರಲ್ಲಿ ರೂಪಿಸಿದರು. ಕಿವಿಯ ನಿಲುವು, ಕಣ್ಣಿನ ಬಿಗಿತ, ಮೂತಿ, ಮೀಸೆ, ತಲೆಯ ಭಂಗಿಗಳಿಂದ ಬೆಕ್ಕಿನ ನೋವನ್ನು ಗುರುತಿಸುವ ಮಾಪಕವನ್ನು ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದರು. ಗುಣವಾಗುವ ಕಾಯಿಲೆಯಲ್ಲಿ ಕೊಳವೆಯಿಂದ ಉಣಿಸುವುದು ಜೀವರಕ್ಷೆ. ಗುಣವಾಗದ ಕಾಯಿಲೆಯ ಕೊನೆಯ ಹಂತದಲ್ಲಿ ಅದೇ ಕ್ರಮ ಸಂಕಟವನ್ನು ಎಳೆದುಕೊಂಡು ಹೋಗುವುದಾಗಬಹುದು. ಇವೆರಡನ್ನು ಬೇರ್ಪಡಿಸಿ ತಿಳಿಯಬೇಕಾದರೆ ಮೊದಲು ರೋಗವನ್ನು ತಿಳಿದಿರಬೇಕು, ಅದಕ್ಕಾಗಿ ಊಟ ಬಿಟ್ಟ ಒಂದೆರಡು ದಿನಗಳೊಳಗೇ ವೈದ್ಯರಲ್ಲಿಗೆ ಹೋಗಿರಬೇಕು. ಕೈಚೆಲ್ಲಿ ಕುಳಿತ ಹಿಂದಿನವರಲ್ಲಿ ಕರುಣೆಗೆ ಕೊರತೆಯಿರಲಿಲ್ಲ, ತಿಳಿವಳಿಕೆಗಿತ್ತು. ಇಂದು ಆ ತಿಳಿವಳಿಕೆ ಕೈಗೆಟಕುವಂತಿರುವಾಗ, ಮುದಿ ಬೆಕ್ಕು ಊಟ ಬಿಟ್ಟುದನ್ನು ಮುಪ್ಪಿನ ಸಹಜ ಸಂಗತಿಯೆಂದು ತಳ್ಳಿಹಾಕುವುದಕ್ಕೆ ಯಾವ ಸಮರ್ಥನೆಯೂ ಉಳಿದಿಲ್ಲ.