ಟೇಕಾಫ್: ಲಘು ವಿಮಾನಗಳಲ್ಲಿ ಫ್ಲ್ಯಾಪ್ ಮತ್ತು ಎಂಜಿನ್ ಶಕ್ತಿ

ರೆಕ್ಕೆಯ ಹಿಂದಿನ ಅಂಚಿನಲ್ಲಿ ಕೆಳಕ್ಕೆ ಬಾಗುವ ಹಲಗೆಗಳೇ ಫ್ಲ್ಯಾಪ್‌ಗಳು. ಸ್ವಲ್ಪ ಇಳಿಸಿದರೆ ಕಡಿಮೆ ವೇಗದಲ್ಲೇ ಎತ್ತುವ ಬಲ ಸಿಗುತ್ತದೆ. ಹೆಚ್ಚು ಇಳಿಸಿದರೆ ಗಾಳಿಯ ಎಳೆತವೇ ಮೇಲುಗೈ ಪಡೆದು ಏರಿಕೆ ಕುಗ್ಗುತ್ತದೆ.

ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಪ್ರಯಾಣಿಕ ವಿಮಾನ ನಿಲ್ದಾಣವಿಲ್ಲ. ಇಂಥ ವಿಮಾನ ಹಾರಿಸಲು ಕಲಿಯುವವರಿಗೆ ಈ ಸೀಮೆಗೆ ಹತ್ತಿರದ ತರಬೇತಿ ನೆಲೆಗಳೆಂದರೆ ಒಂದು ಕಡೆ ಮೈಸೂರಿನ ಮಂಡಕಳ್ಳಿ, ಇನ್ನೊಂದು ಕಡೆ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿರುವ ಬೆಂಗಳೂರಿನ ಜಕ್ಕೂರು.

ಇಂಥ ಶಾಲೆಗಳಲ್ಲಿ ಚಿರಪರಿಚಿತವಾದ ಸೆಸ್ನಾ 172ರ ಎಸ್ ಮಾದರಿಯನ್ನೇ ನೋಡಬಹುದು. ಸಾಮಾನ್ಯ ಟೇಕಾಫ್‌ಗೆ ಫ್ಲ್ಯಾಪ್ 0ಯಿಂದ 10 ಡಿಗ್ರಿ. ಅದಕ್ಕಿಂತ ಹೆಚ್ಚಿಗೆ ಅನುಮತಿಯಿಲ್ಲ. 10 ಡಿಗ್ರಿ ಇಳಿಸಿದರೆ ನೆಲದ ಓಟ ಸುಮಾರು ಶೇ. 10ರಷ್ಟು ಕಡಿಮೆ. ರನ್‌ವೇ ಚಿಕ್ಕದಾದರೆ ಪೈಲಟ್ ಬ್ರೇಕ್ ಒತ್ತಿ ಹಿಡಿದು ಎಂಜಿನ್ ಶಕ್ತಿ ಹೆಚ್ಚಿಸುವ ಥ್ರಾಟಲ್ಲನ್ನು ಪೂರ್ತಿ ಮುಂದೊತ್ತುತ್ತಾನೆ. ಎಂಜಿನ್‌ನ ಸುತ್ತುಮಾಪಕದ ಮುಳ್ಳು ನಿಮಿಷಕ್ಕೆ 2300–2400 ಸುತ್ತು ತೋರಿಸಿ, ಎಂಜಿನ್ ತಡವರಿಸದಿದ್ದರೆ ಮಾತ್ರ ಬ್ರೇಕ್ ಬಿಡುತ್ತಾನೆ. ಅಡೆತಡೆ ದಾಟಿ 60 ನಾಟ್ ವೇಗ ಬಂದ ಮೇಲೆ ಫ್ಲ್ಯಾಪ್‌ಗಳನ್ನು ನಿಧಾನವಾಗಿ ಮೇಲೆತ್ತಬೇಕು. ಅವಸರಪಟ್ಟರೆ ವಿಮಾನ ಕುಸಿಯುವ ಅಪಾಯವಿದೆ.

ನಮ್ಮ ಭಾಗದಲ್ಲಿ ನಿಜವಾದ ಸವಾಲು ಬೇಸಿಗೆ. ಮಂಡ್ಯ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದ್ದರೂ, 35 ಡಿಗ್ರಿ ಸೆಲ್ಸಿಯಸ್ ಬಿಸಿಲಲ್ಲಿ ಇಲ್ಲಿನ ಗಾಳಿ ಸುಮಾರು 1,500 ಮೀಟರ್ ಎತ್ತರದ ಗಾಳಿಯಷ್ಟೇ ತೆಳು. ಎಂಜಿನ್, ಪ್ರೊಪೆಲ್ಲರ್, ರೆಕ್ಕೆ ಮೂರೂ ಒಟ್ಟಿಗೆ ಸೊರಗುತ್ತವೆ. ಆಗ ಫ್ಲ್ಯಾಪ್ ಇಳಿಸುವುದಕ್ಕಿಂತ ತೂಕ ಇಳಿಸುವುದು, ಇಲ್ಲವೇ ಬೆಳಗಿನ ತಂಪಿನಲ್ಲೇ ಹೊರಡುವುದು ಹೆಚ್ಚು ಜಾಣತನ. ಸುಮಾರು 3,000 ಅಡಿ ಎತ್ತರದ ಜಕ್ಕೂರಿನಂಥಲ್ಲಿ ಇಂಧನ ಮಿಶ್ರಣವನ್ನು ತೆಳುಗೊಳಿಸಿ ಗರಿಷ್ಠ ಶಕ್ತಿ ಪಡೆಯುವುದೂ ಪೈಲಟ್‌ನ ಲೆಕ್ಕಾಚಾರಕ್ಕೆ ಸೇರುತ್ತದೆ.